ವರ್ತನೆಯ ಹಕ್ಕಿಯೂ ಹೆಲಿಕೋನಿಯಾದ ಬೀಜವೂ

ವರ್ಷಕ್ಕೆ ನಾಲ್ಕಾರು ಬಾರಿಯಾದರೂ ಯಾರಾದರೊಬ್ಬರು ನನಗೆ ಮೊಬೈಲಿನಲ್ಲಿ ಒಂದು ಚಿತ್ರ ಕಳುಹಿಸಿ, "ಮೇಷ್ಟ್ರೇ, ನಮ್ಮ ಮನೆಯ ದಾಸವಾಳಕ್ಕೆ ಹಮ್ಮಿಂಗ್‌ಬರ್ಡ್ ಬಂದಿದೆ ನೋಡಿ" ಎಂದು ಬರೆಯುತ್ತಾರೆ. ಚಿತ್ರದಲ್ಲಿರುವುದು ಪ್ರತಿ ಸಲವೂ ಸೂರಕ್ಕಿ. ಬಾಗಿದ ಕೊಕ್ಕು, ಮಿರುಗುವ ಗರಿ, ಹೂವಿನೊಳಗೆ ಇಳಿದ ನಾಲಿಗೆ, ಎಲ್ಲವೂ ಹಾಗೆಯೇ ಕಾಣುವುದರಿಂದ ಕಳುಹಿಸಿದವರನ್ನು ನಾನು ದೂರುವುದಿಲ್ಲ. ಆದರೆ ಸೂರಕ್ಕಿ ಗುಬ್ಬಿ, ಕಾಗೆ, ಮೈನಾಗಳ ದೊಡ್ಡ ಗುಂಪಿಗೆ ಸೇರಿದ ಹಕ್ಕಿ. ಹಮ್ಮಿಂಗ್‌ಬರ್ಡಿನ ಹತ್ತಿರದ ನೆಂಟರು ಸ್ವಿಫ್ಟ್‌ಗಳು, ಅಂದರೆ ಹಳೆಯ ಗೋಪುರ, ಕಟ್ಟಡಗಳ ಸಂದಿಯಲ್ಲಿ ಗೂಡು ಕಟ್ಟಿ ದಿನವಿಡೀ ಆಕಾಶದಲ್ಲೇ ಹಾರಾಡಿಕೊಂಡಿರುವ ಹಕ್ಕಿಗಳು. ಒಂದೇ ಕಸುಬು ಹಿಡಿದ ಬೇರೆ ಬೇರೆ ಮನೆತನದವರ ಕೈಯಲ್ಲಿ ಒಂದೇ ಬಗೆಯ ಹತಾರ ಇರುವಂತೆ, ಮಕರಂದ ಹೀರುವ ಕಸುಬಿಗೆ ಇಳಿದ ಈ ಎರಡು ಕುಲಗಳಿಗೂ ಒಂದೇ ಬಗೆಯ ಕೊಕ್ಕು ಬಂದಿದೆ.

ಇಂದು ಹಮ್ಮಿಂಗ್‌ಬರ್ಡ್‌ಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಸುಮಾರು 360 ಪ್ರಭೇದಗಳಿವೆ. ಉತ್ತರದ ಅಲಾಸ್ಕಾದಿಂದ ದಕ್ಷಿಣದ ತುದಿಯವರೆಗೆ ಹಬ್ಬಿದ್ದರೂ, ಅವುಗಳ ನಿಜವಾದ ತವರು ಉಷ್ಣವಲಯದ ಕಾಡುಗಳು ಮತ್ತು ಆಂಡೀಸ್ ಪರ್ವತದ ಇಳಿಜಾರುಗಳು. "ಇಂದು" ಎಂಬ ಮಾತನ್ನು ನಾನು ಬೇಕೆಂದೇ ಹೇಳಿದೆ. ಗೆರಾಲ್ಡ್ ಮೇಯರ್ ಎಂಬ ವಿಜ್ಞಾನಿ 2004ರಲ್ಲಿ ಜರ್ಮನಿಯಲ್ಲಿ ದೊರೆತ ಸುಮಾರು 3 ಕೋಟಿ ವರ್ಷ ಹಳೆಯ ಪಳೆಯುಳಿಕೆಯೊಂದನ್ನು ವಿವರಿಸಿದರು. ಉದ್ದನೆಯ ಕೊಕ್ಕಿನ, ಒಂದೆಡೆ ನಿಂತು ರೆಕ್ಕೆ ಬಡಿಯಬಲ್ಲ ಭುಜದ ಮೂಳೆಗಳಿದ್ದ ಆ ಹಕ್ಕಿ ಹಮ್ಮಿಂಗ್‌ಬರ್ಡ್ ವಂಶದ್ದೇ ಆಗಿತ್ತು. ಹಾಗಾಗಿ ಹಳೆಯ ಜಗತ್ತಿನಲ್ಲಿಯೂ ಒಂದು ಕಾಲಕ್ಕೆ ಈ ಕುಲದವರಿದ್ದು, ಆಮೇಲೆ ಅಳಿದುಹೋದರು. ಅದು ಬೇರೆಯೇ ಒಂದು ಕಥೆ. ನಾನು ಮಧ್ಯ ಅಮೆರಿಕದ ಕಾಡಿಗೆ ಬರುತ್ತೇನೆ.

ಆ ಕಾಡಿನಲ್ಲಿ ಗಿಡವೊಂದರ ಪಾಡನ್ನು ಮೊದಲು ಯೋಚಿಸಿ. ಗಿಡ ನಡೆಯಲಾರದು. ಅದರ ಪರಾಗ ಅದೇ ಜಾತಿಯ ಇನ್ನೊಂದು ಗಿಡದ ಶಲಾಕಾಗ್ರವನ್ನು, ಅಂದರೆ ಹೂವಿನ ಹೆಣ್ಣುಭಾಗದ ತುದಿಯನ್ನು, ಮುಟ್ಟಬೇಕು. ಹುಲ್ಲುಗಾವಲಿನ ಹುಲ್ಲಿಗೂ ನಮ್ಮ ಜೋಳದ ಹೊಲಕ್ಕೂ ಗಾಳಿ ಈ ಕೆಲಸ ಮಾಡಿಕೊಡುತ್ತದೆ, ಏಕೆಂದರೆ ಅಲ್ಲಿ ಪಕ್ಕದಲ್ಲಿ ನಿಂತಿರುವುದೂ ಅದೇ ಜಾತಿ. ಉಷ್ಣವಲಯದ ಮಳೆಕಾಡಿನಲ್ಲಿ ಪಕ್ಕದ ಗಿಡ ಬೇರೆಯದು, ಅದರ ಪಕ್ಕದ್ದು ಇನ್ನೂ ಬೇರೆಯದು. ಸ್ವಂತ ಜಾತಿಯ ಇನ್ನೊಂದು ಗಿಡ ನೂರಾರು ಮೀಟರ್ ದೂರದಲ್ಲಿರಬಹುದು. ಮೇಲೆ ಮುಚ್ಚಿದ ಚಪ್ಪರದಂಥ ಮರಗಳ ಕೆಳಗೆ ಗಾಳಿ ಆಡುವುದೇ ಇಲ್ಲ, ಆಡಿದರೂ ಪರಾಗವನ್ನು ಮಳೆ ತೊಳೆದುಬಿಡುತ್ತದೆ. ಹೀಗಾಗಿ ಉಷ್ಣವಲಯದ ಸಸ್ಯ ಸಮುದಾಯಗಳಲ್ಲಿ ಹೂಬಿಡುವ ಸಸ್ಯಗಳ ಪೈಕಿ ಸುಮಾರು ಶೇಕಡ 94ರಷ್ಟು ಯಾವುದಾದರೊಂದು ಪ್ರಾಣಿಯನ್ನು ನೆಚ್ಚಿಕೊಂಡಿವೆ ಎಂಬುದು 2011ರಲ್ಲಿ ಪ್ರಕಟವಾದ ಒಂದು ಅಂದಾಜು. ಹೆಚ್ಚಿನವು ನೆಚ್ಚುವುದು ಕೀಟಗಳನ್ನು. ಹಮ್ಮಿಂಗ್‌ಬರ್ಡನ್ನು ಆಶ್ರಯಿಸಿದ ಸಸ್ಯಗಳು ಅಮೆರಿಕ ಖಂಡಗಳಲ್ಲಿ ಸುಮಾರು 7,000 ಪ್ರಭೇದಗಳಿರಬಹುದು. ಬೆಟ್ಟ ಏರುತ್ತ ಹೋದಂತೆ, ಮಂಜು ಮತ್ತು ಚಳಿಯಲ್ಲಿ ಜೇನ್ನೊಣಗಳಂಥ ಕೀಟಗಳು ಹೊರಬರಲಾರದ ಕಡೆ, ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಈ ಹಕ್ಕಿಯ ಪಾತ್ರ ಹೆಚ್ಚುತ್ತದೆ.

ಹಕ್ಕಿಗೆಂದು ಅರಳುವ ಹೂವನ್ನು ಗುರುತಿಸುವುದು ಕಷ್ಟವಲ್ಲ. ಕೆಂಪು ಅಥವಾ ಕಿತ್ತಳೆ ಬಣ್ಣ, ಕೊಳವೆಯ ಆಕಾರ, ಪರಿಮಳ ಇಲ್ಲವೆನ್ನುವಷ್ಟು ಕಡಿಮೆ, ಧಾರಾಳವಾದ ತೆಳು ಮಕರಂದ. ಕೆಂಪೆಂದರೆ ಹಮ್ಮಿಂಗ್‌ಬರ್ಡಿಗೆ ಹುಟ್ಟಿನಿಂದಲೇ ಮೋಹ ಎಂದು ಬಹಳ ಕಡೆ ಬರೆದಿರುವುದನ್ನು ನೀವು ಓದಿರುತ್ತೀರಿ. ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಇನ್ನೊಂದು: ಜೇನ್ನೊಣದ ಕಣ್ಣಿಗೆ ಕೆಂಪು ಸುಲಭವಾಗಿ ಎದ್ದು ಕಾಣುವುದಿಲ್ಲ, ಆದ್ದರಿಂದ ಕೆಂಪು ಹೂವಿನಲ್ಲಿ ಮಕರಂದ ಉಳಿದಿರುತ್ತದೆ, ಅಲ್ಲಿ ಉಳಿದಿರುತ್ತದೆ ಎಂಬುದನ್ನು ಹಕ್ಕಿ ಅನುಭವದಿಂದ ಕಲಿಯುತ್ತದೆ. ಅಂದರೆ ಕೆಂಪು ಬಣ್ಣ ಹಕ್ಕಿಯನ್ನು ಕರೆಯುವುದಕ್ಕಿಂತ ಹೆಚ್ಚಾಗಿ ನೊಣವನ್ನು ದೂರವಿಡುವ ಉಪಾಯವಾಗಿದ್ದೀತು.

ಮಕರಂದದ ಸಕ್ಕರೆಯಲ್ಲಿಯೂ ಒಂದು ಲೆಕ್ಕಾಚಾರವಿದೆ, ಮತ್ತು ಅದಕ್ಕೆ ಉದಾಹರಣೆ ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿಯೇ ಇದೆ. ಹಾಲುವಾಣದ ಮರವನ್ನು ನೆರಳಿಗೆಂದು, ಮೆಣಸಿನ ಬಳ್ಳಿ ಹಬ್ಬಿಸಲೆಂದು ನೆಟ್ಟಿರುವುದನ್ನು ನೀವು ಬಲ್ಲಿರಿ. ಅದರ ಕುಲದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿದ್ದು, ಎಲ್ಲವೂ ಹಕ್ಕಿಗಳನ್ನೇ ನಂಬಿವೆ. ನಮ್ಮ ಹಾಲುವಾಣದ ಹೂವು ಅಗಲವಾಗಿ ತೆರೆದಿರುತ್ತದೆ; ಮೈನಾ, ಪಿಕಳಾರಗಳು ಕೊಂಬೆಯ ಮೇಲೆ ಕುಳಿತು ಅದರೊಳಗೆ ಮೂತಿ ಇಡುತ್ತವೆ. ಮಧ್ಯ ಅಮೆರಿಕದ ಹಲವು ಸೋದರ ಪ್ರಭೇದಗಳಲ್ಲಿ ಹೂವು ಕತ್ತಿಯ ಒರೆಯಂತೆ ಮಡಿಚಿಕೊಂಡ ಕಿರಿದಾದ ಕೊಳವೆ; ಕುಳಿತುಕೊಳ್ಳಲು ಜಾಗವಿಲ್ಲ, ನಿಂತಲ್ಲೇ ಹಾರಬಲ್ಲ ಹಕ್ಕಿಗೆ ಮಾತ್ರ ಎಟುಕುತ್ತದೆ. ಸಕ್ಕರೆಯೂ ಬೇರೆ. ಹಮ್ಮಿಂಗ್‌ಬರ್ಡಿನ ಹೂವುಗಳಲ್ಲಿ ಸುಕ್ರೋಸ್, ಅಂದರೆ ಕಬ್ಬಿನ ಸಕ್ಕರೆ ಹೆಚ್ಚು. ಕೊಂಬೆಯ ಮೇಲೆ ಕೂರುವ ಹಕ್ಕಿಗಳ ಹೂವುಗಳಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಹೆಚ್ಚು. ಮೈನಾಗಳ ಕುಟುಂಬದ ಹಕ್ಕಿಗಳ ಕರುಳಿನಲ್ಲಿ ಸುಕ್ರೋಸನ್ನು ಒಡೆಯುವ ಕಿಣ್ವ ಇಲ್ಲ. ನಮಗೆ ಒಂದೇ ರುಚಿಯೆನಿಸುವ ಸಿಹಿ ಒಂದು ಹಕ್ಕಿಗೆ ಊಟ, ಇನ್ನೊಂದಕ್ಕೆ ಹೊಟ್ಟೆಗೊಗ್ಗದ ವಸ್ತು.

ಈ ಹಕ್ಕಿ ಆ ಸಿಹಿಯನ್ನು ಹೇಗೆ ಎತ್ತುತ್ತದೆ ಎಂಬುದನ್ನು ಬಹುಕಾಲ ನಾವೆಲ್ಲ ತಪ್ಪಾಗಿಯೇ ಕಲಿಸಿದೆವು. ಸಣ್ಣ ಕೊಳವೆಯಲ್ಲಿ ನೀರು ತಾನಾಗಿ ಏರುವಂತೆ ನಾಲಿಗೆಯಲ್ಲಿ ಮಕರಂದ ಏರುತ್ತದೆ ಎಂಬ ವಿವರಣೆ 1833ರಿಂದ ಪುಸ್ತಕದಿಂದ ಪುಸ್ತಕಕ್ಕೆ ಇಳಿದು ಬಂದಿತ್ತು, ನಾನೂ ತರಗತಿಯಲ್ಲಿ ಹಾಗೆಯೇ ಹೇಳಿದ್ದೇನೆ. 2011ರಲ್ಲಿ ರಿಕೊ-ಗುವೆವಾರಾ ಮತ್ತು ರುಬೆಗಾ ಎಂಬ ಇಬ್ಬರು ಸಂಶೋಧಕರು ಅತಿವೇಗದ ಕ್ಯಾಮರಾದಲ್ಲಿ ನೋಡಿದಾಗ ಕಂಡದ್ದೇ ಬೇರೆ. ನಾಲಿಗೆಯ ತುದಿ ಎರಡಾಗಿ ಸೀಳಿದ್ದು, ಮಕರಂದಕ್ಕೆ ಮುಟ್ಟಿದೊಡನೆ ಅದರ ಅಂಚಿನ ಝಾಲರಿಗಳು ಬಿಚ್ಚಿಕೊಳ್ಳುತ್ತವೆ, ಹಿಂದೆಳೆಯುವಾಗ ದ್ರವವನ್ನು ಒಳಗಿಟ್ಟುಕೊಂಡು ಸುತ್ತಿಕೊಳ್ಳುತ್ತವೆ. ಸೆಕೆಂಡಿಗೆ ಹತ್ತಾರು ಬಾರಿ ಇದು ನಡೆಯುತ್ತದೆ. ಇಷ್ಟು ಅವಸರವೇಕೆಂದರೆ, ಹಾರುತ್ತಿರುವಾಗ ಹೃದಯ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಬಡಿಯುವ ಪ್ರಾಣಿಗೆ ಹಸಿವೆಂಬುದು ಸದಾ ಬೆನ್ನಿಗಂಟಿದ ಸಾಲಗಾರ. ರಾತ್ರಿ ಆ ಸಾಲ ತೀರಿಸಲಾಗದೆ ಎಷ್ಟೋ ಹಮ್ಮಿಂಗ್‌ಬರ್ಡ್‌ಗಳು ಮೈಯ ಬಿಸಿಯನ್ನೇ ಇಳಿಸಿಕೊಂಡು ಮೂರ್ಛೆಯಂಥ ಸ್ಥಿತಿಯಲ್ಲಿ ಬೆಳಗನ್ನು ಕಾಯುತ್ತವೆ.

ಈ ಹಸಿವನ್ನು ನೀಗಿಸಿಕೊಳ್ಳಲು ಅವು ಎರಡು ದಾರಿ ಹಿಡಿದಿವೆ, ಗಿಡದ ಸಂತಾನದ ದೃಷ್ಟಿಯಿಂದ ಮುಖ್ಯವಾದ ವಿಷಯ ಇರುವುದು ಇಲ್ಲಿಯೇ. ಕೆಲವು ಪ್ರಭೇದಗಳು ಹೂವು ದಟ್ಟವಾಗಿರುವ ಒಂದು ಪೊದೆಯನ್ನು ತಮ್ಮದೆಂದು ಹಿಡಿದುಕೊಂಡು, ಬಂದವರನ್ನೆಲ್ಲ ಓಡಿಸುತ್ತ, ಅಲ್ಲಿಯೇ ಕುಡಿಯುತ್ತ ದಿನ ಕಳೆಯುತ್ತವೆ. ಇನ್ನು ಕೆಲವು, ಅದರಲ್ಲೂ ಹರ್ಮಿಟ್ ಎಂಬ ಗುಂಪಿನ ಉದ್ದನೆಯ ಬಾಗಿದ ಕೊಕ್ಕಿನವು, ಕಾಡಿನೊಳಗೆ ದೂರದೂರ ಚದುರಿರುವ ಗಿಡಗಳನ್ನು ಒಂದಾದ ಮೇಲೊಂದರಂತೆ, ಹೆಚ್ಚುಕಡಿಮೆ ಅದೇ ಕ್ರಮದಲ್ಲಿ, ದಿನಕ್ಕೆ ಹಲವು ಬಾರಿ ಸುತ್ತಿ ಬರುತ್ತವೆ. ಬೋನಿಟ್ಟ ಬೇಟೆಗಾರ ತನ್ನ ಬೋನುಗಳನ್ನು ಸರದಿಯಲ್ಲಿ ನೋಡಿಬರುವುದಕ್ಕೆ ವಿಜ್ಞಾನದ ಭಾಷೆಯಲ್ಲಿ ಇದನ್ನು ಹೋಲಿಸಿದ್ದಾರೆ. ನನಗೆ ನೆನಪಾಗುವುದು ವರ್ತನೆಯ ಹಾಲಿನವರು, ಅಂದರೆ ಗೊತ್ತಾದ ಮನೆಗಳಿಗೆ ದಿನವೂ ತಪ್ಪದೆ ಹಾಲು ಹಾಕುವವರು. ಯಾವ ಬೀದಿಯಲ್ಲಿ ಯಾವ ಮನೆ, ಎಷ್ಟು ಹೊತ್ತಿಗೆ ಹೋದರೆ ಪಾತ್ರೆ ಹೊರಗಿಟ್ಟಿರುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಹರ್ಮಿಟ್ ಹಕ್ಕಿಗೂ ಅಷ್ಟೇ. ಒಂದು ಹೂವಿನಲ್ಲಿ ಮಕರಂದ ಮತ್ತೆ ತುಂಬುವ ಹೊತ್ತನ್ನು ಅಂದಾಜು ಮಾಡಿಕೊಂಡು ಅಲ್ಲಿಗೆ ಮರಳುತ್ತದೆ.

ಪೊದೆ ಕಾಯುವ ಹಕ್ಕಿ ಪರಾಗ ಒಯ್ಯುವುದಿಲ್ಲವೇ ಎಂದರೆ, ಒಯ್ಯುತ್ತದೆ, ಆದರೆ ಅದೇ ಗಿಡದ ಒಂದು ಹೂವಿನಿಂದ ಇನ್ನೊಂದಕ್ಕೆ. ಅದು ಮನೆಯೊಳಗಿನ ಕೊಡುಕೊಳೆಯಂತೆ, ಹೊರಗಿನಿಂದ ಹೊಸದೇನೂ ಬರುವುದಿಲ್ಲ. ವರ್ತನೆಯ ಹಕ್ಕಿಯ ಹಣೆಯ ಮೇಲೆ ಅಂಟಿಕೊಂಡು ಬರುವ ಪರಾಗ ಅರ್ಧ ಕಿಲೋಮೀಟರ್ ದೂರದ, ಬೇರೆ ತಾಯಿಗಿಡದ ಪರಾಗವಾಗಿರಬಲ್ಲದು.

ಈಗ ಹೆಲಿಕೋನಿಯಾಕ್ಕೆ ಬರೋಣ. ನಿಮ್ಮಲ್ಲಿ ಹಲವರ ಮನೆಯಂಗಳದಲ್ಲಿ ಅದರ ಯಾವುದಾದರೊಂದು ಬಗೆ ಇದ್ದೇ ಇರುತ್ತದೆ: ಬಾಳೆಯಂಥ ಎಲೆ, ಕೆಂಪು ಹಳದಿಯ ದೋಣಿಗಳನ್ನು ಸಾಲಾಗಿ ಜೋಡಿಸಿದಂಥ ಗೊಂಚಲು. ಬಾಳೆ, ಶುಂಠಿ, ಏಲಕ್ಕಿ, ಕಾಬಾಳೆಗಳಿಗೆ ಅದು ದೂರದ ನೆಂಟ. ಕೆಂಪಗೆ ಕಾಣುವ ಆ ದೋಣಿಗಳು ಹೂವಲ್ಲ, ಹೂವನ್ನು ಹೊದ್ದಿರುವ ಪುಷ್ಪಪತ್ರಗಳು. ನಿಜವಾದ ಹೂವು ಅದರೊಳಗಿನಿಂದ ಒಂದೊಂದಾಗಿ ಇಣುಕುವ ಕಿರಿದಾದ ಕೊಳವೆ; ಬೆಳಗ್ಗೆ ಅರಳಿದ್ದು ಮರುದಿನಕ್ಕಿಲ್ಲ. ದೋಣಿಯಲ್ಲಿ ನಿಂತ ನೀರಿನಲ್ಲಿ ಸೊಳ್ಳೆಯ ಮರಿಗಳೂ ಇತರ ಕೀಟಗಳೂ ವಾಸಿಸುತ್ತವೆ. ಹರ್ಮಿಟ್ ಹೆಣ್ಣುಗಳು ಗೂಡು ಕಟ್ಟುವುದೂ ಹೆಚ್ಚಾಗಿ ಇಂಥದೇ ಅಗಲ ಎಲೆಯ ತುದಿಯ ಅಡಿಯಲ್ಲಿ, ಜೇಡರ ನೂಲಿನಿಂದ ಅಂಟಿಸಿ, ಎಲೆಯೇ ಮಳೆಗೆ ಛಾವಣಿಯಾಗುವಂತೆ. ಒಂದು ಹೂವಿಗೆ ಮೂರು ಅಂಡಕ. ಎಲ್ಲವೂ ಫಲಿಸಿದರೆ ಒಂದು ನೀಲಿ ಹಣ್ಣಿನಲ್ಲಿ ಮೂರು ಬೀಜ. ಈ ಮೂರೆಂಬ ಸಂಖ್ಯೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಕೋಸ್ಟರಿಕಾ ದೇಶದ ದಕ್ಷಿಣದಲ್ಲಿ, ಪನಾಮಾ ಗಡಿಯ ಹತ್ತಿರ, ಲಾಸ್ ಕ್ರೂಸಸ್ ಎಂಬ ಸಂಶೋಧನಾ ಕೇಂದ್ರವಿದೆ. ಅಲ್ಲಿನ ಕಾಡಿನ ನೆರಳಿನಲ್ಲಿ ಹೆಲಿಕೋನಿಯಾ ಟಾರ್ಟ್ಯುವೋಸಾ ಎಂಬ ಪ್ರಭೇದ ಎಲ್ಲೆಲ್ಲಿಯೂ ಕಾಣಸಿಗುತ್ತದೆ. ಮ್ಯಾಥ್ಯೂ ಬೆಟ್ಸ್, ಆಡಮ್ ಹ್ಯಾಡ್ಲಿ, ಜಾನ್ ಕ್ರೆಸ್ ಇವರ ತಂಡ ಆ ಗಿಡದ ಹೂವಿಗೆ ಕೈಯಿಂದ ಪರಾಗ ಹಚ್ಚಿ ನೋಡಿತು. ವೆನಿಲಾ ಬೆಳೆಯುವ ನಮ್ಮ ರೈತರು ಕಡ್ಡಿಯಿಂದ ಮಾಡುವ ಕೆಲಸವನ್ನೇ ಇವರೂ ಮಾಡಿದರು, ಪರಾಗವನ್ನು ಬೇರೆ ಗಿಡದಿಂದಲೇ ತಂದರು. ಆದರೂ ಫಲ ಅಷ್ಟಕ್ಕಷ್ಟೆ. ಪರಾಗ ಶಲಾಕಾಗ್ರದ ಮೇಲೆ ಬಿದ್ದಿದೆ, ಬೇಕಾದಷ್ಟು ಬಿದ್ದಿದೆ, ಆದರೆ ಅದರಿಂದ ಮೊಳೆತು ಅಂಡಾಶಯದತ್ತ ಇಳಿಯಬೇಕಾದ ಪರಾಗನಾಳಗಳು ಬಹಳ ಕಡಿಮೆ. ಪಠ್ಯಪುಸ್ತಕದ ಪ್ರಕಾರ ಪರಾಗ ಮುಟ್ಟಿದ ಮೇಲೆ ಹಕ್ಕಿಯ ಪಾತ್ರ ಮುಗಿಯಿತು. ಇಲ್ಲಿ ಮುಗಿದಿರಲಿಲ್ಲ.

ತಂಡದವರು ಬಲೆಯ ಪಂಜರದೊಳಗೆ ಬೇರೆ ಬೇರೆ ಹಮ್ಮಿಂಗ್‌ಬರ್ಡ್‌ಗಳನ್ನು, ಅವುಗಳ ಮೈಮೇಲಿನ ಪರಾಗವನ್ನು ಒರೆಸಿ, ಕೈಯಿಂದ ಪರಾಗ ಹಚ್ಚಿದ್ದ ಹೂವುಗಳಿಗೆ ಬಿಟ್ಟರು. ಅಂದರೆ ಹಕ್ಕಿ ತನ್ನ ಪಾಲಿನದೇನನ್ನೂ ತರುವಂತಿಲ್ಲ, ಬಂದು ಕುಡಿದು ಹೋಗಬಹುದು ಅಷ್ಟೆ. ಉದ್ದನೆಯ ಬಾಗಿದ ಕೊಕ್ಕಿನ ಗ್ರೀನ್ ಹರ್ಮಿಟ್ ಮತ್ತು ವಯೊಲೆಟ್ ಸೇಬರ್‌ವಿಂಗ್ ಬಂದುಹೋದ ಹೂವುಗಳಲ್ಲಿ ಪರಾಗನಾಳಗಳು ಹೆಚ್ಚಾಗಿ ಬೆಳೆದವು. ಗಿಡ್ಡ, ನೇರ ಕೊಕ್ಕಿನವು ಬಂದುಹೋದ ಹೂವುಗಳಲ್ಲಿ ಹಾಗಾಗಲಿಲ್ಲ. ವ್ಯತ್ಯಾಸಕ್ಕೆ ಕಾರಣವೇನೆಂದು ಹುಡುಕಿದಾಗ ಸಿಕ್ಕ ಉತ್ತರ ಮಕರಂದದ್ದು. ಹೂವಿನ ಕೊಳವೆಯ ಬಾಗಿಗೆ ಸರಿಹೊಂದುವ ಕೊಕ್ಕು ತಳದವರೆಗೆ ಇಳಿದು ಮಕರಂದವನ್ನು ಬಸಿದು ತೆಗೆಯುತ್ತದೆ. ಆ ಬರಿದಾಗುವಿಕೆಯೇ ಹೂವಿಗೆ ಸೂಚನೆ. ಹಕ್ಕಿಯಿಲ್ಲದೆ ಮನುಷ್ಯರೇ ಮಕರಂದವನ್ನು ಹೊರತೆಗೆದಾಗಲೂ ನಾಳಗಳ ಸಂಖ್ಯೆ ಏರಿತು. 2015ರಲ್ಲಿ ಪ್ರಕಟವಾದ ಈ ಕೆಲಸವನ್ನು ಓದಿದಾಗ, ಇಷ್ಟು ವರ್ಷ ಸಸ್ಯಶಾಸ್ತ್ರ ಪಾಠ ಹೇಳಿದ ನಾನು ಹೂವನ್ನು ಸುಮ್ಮನೆ ಕುಳಿತ ಆತಿಥೇಯನಂತೆ ಕಂಡಿದ್ದೆನಲ್ಲ ಎಂದು ನನಗೆ ಸಂಕೋಚವೇ ಆಯಿತು. ಬಂದವರು ಯಾರೆಂದು ಹೂವು ಕಣ್ಣಿನಿಂದ ನೋಡುವುದಿಲ್ಲ, ಪಾತ್ರೆ ಎಷ್ಟು ಬರಿದಾಯಿತೆಂದು ನೋಡಿ ತಿಳಿಯುತ್ತದೆ.

ಗಿಡಕ್ಕೆ ಇದರಿಂದೇನು ಲಾಭ ಎಂಬುದನ್ನು ನೀವೇ ಊಹಿಸಬಹುದು. ಉದ್ದ ಕೊಕ್ಕಿನವರೇ ದೂರ ಸುತ್ತುವ ವರ್ತನೆಯವರು, ಅವರು ತರುವ ಪರಾಗ ದೂರದ್ದಾಗಿರುವ ಸಂಭವ ಹೆಚ್ಚು. ಗಿಡ್ಡ ಕೊಕ್ಕಿನವರು ಮೇಲೆ ಮೇಲೆ ನೆಕ್ಕಿ, ಪಕ್ಕದ ಹೂವಿನದನ್ನೇ ಒರೆಸಿ ಹೋಗುವವರು. ಅಂಡಕವಿರುವುದು ಮೂರೇ. ಅವನ್ನು ಯಾರ ಪರಾಗಕ್ಕೆ ಕೊಡಬೇಕೆಂಬ ಆಯ್ಕೆಗೆ ಗಿಡ ಒಂದು ದಾರಿ ಕಂಡುಕೊಂಡಿದೆ. ಇದು ವಿಕಾಸದಿಂದ ಬಂದ ಶರೀರಕ್ರಿಯೆಯೇ ಹೊರತು ಗಿಡದ ಜಾಣತನವಲ್ಲ. ನಮ್ಮ ಭಾಷೆಯಲ್ಲಿ "ಆಯ್ಕೆ" ಎಂದರೆ ಯಾರೋ ಕುಳಿತು ಯೋಚಿಸಿದಂತೆ ಕೇಳಿಸುವುದರಿಂದ ಈ ಮಾತನ್ನು ಸೇರಿಸಿದೆ.

ಕೊಕ್ಕು ಮತ್ತು ಹೂವಿನ ಹೊಂದಾಣಿಕೆ ಒಂದೇ ಪ್ರಭೇದದ ಗಂಡು ಹೆಣ್ಣುಗಳಲ್ಲಿಯೂ ಬೇರೆಯಾಗಬಹುದು ಎಂಬುದಕ್ಕೆ ಕೆರಿಬಿಯನ್ ದ್ವೀಪಗಳಲ್ಲಿ ಒಂದು ಸೊಗಸಾದ ಉದಾಹರಣೆಯಿದೆ. ಅಲ್ಲಿನ ಪರ್ಪಲ್-ಥ್ರೋಟೆಡ್ ಕ್ಯಾರಿಬ್ ಎಂಬ ಹಮ್ಮಿಂಗ್‌ಬರ್ಡಿನಲ್ಲಿ ಗಂಡಿನ ಮೈ ದೊಡ್ಡದು, ಹೆಣ್ಣಿನ ಕೊಕ್ಕು ಉದ್ದ ಮತ್ತು ಹೆಚ್ಚು ಬಾಗಿದ್ದು. ಸೇಂಟ್ ಲೂಸಿಯಾ ದ್ವೀಪದಲ್ಲಿ ಗಂಡುಗಳು ಗಿಡ್ಡ ಹೂವಿನ ಹೆಲಿಕೋನಿಯಾ ಕರಿಬಿಯಾವನ್ನು ಹಿಡಿದು ಕಾಯುತ್ತವೆ, ಹೆಣ್ಣುಗಳು ಉದ್ದನೆಯ ಬಾಗು ಹೂವಿನ ಹೆಲಿಕೋನಿಯಾ ಬಿಹಾಯಿಗೆ ಹೋಗುತ್ತವೆ. ಕರಿಬಿಯಾ ವಿರಳವಾದ ಕಡೆ ಬಿಹಾಯಿಯಲ್ಲಿಯೇ ಇನ್ನೊಂದು ರೂಪ, ಹಸಿರು ಪುಷ್ಪಪತ್ರದ, ಗಂಡಿನ ಕೊಕ್ಕಿಗೆ ಒಗ್ಗುವ ಗಿಡ್ಡ ಹೂವಿನ ರೂಪ ಬಂದಿದೆ. ಡೊಮಿನಿಕಾ ದ್ವೀಪದಲ್ಲಿ ಇದರ ತಿರುವುಮುರುವು: ಅಲ್ಲಿ ಎರಡು ರೂಪ ತಳೆದಿರುವುದು ಕರಿಬಿಯಾ. ಎಥನ್ ಟೆಮೆಲೆಸ್ ಅವರ ತಂಡ 2000ದಲ್ಲಿ, ಮತ್ತೆ ಕ್ರೆಸ್ ಅವರೊಡನೆ 2003ರಲ್ಲಿ ಈ ವಿವರಗಳನ್ನು ಪ್ರಕಟಿಸಿದ್ದು, ಗಂಡುಹೆಣ್ಣಿನ ಕೊಕ್ಕಿನ ವ್ಯತ್ಯಾಸಕ್ಕೆ ಆಹಾರವೇ ಕಾರಣವಾಗಬಲ್ಲದು ಎಂಬುದಕ್ಕೆ ನನಗೆ ತಿಳಿದ ಮಟ್ಟಿಗೆ ಇಷ್ಟು ಸ್ಪಷ್ಟವಾದ ಇನ್ನೊಂದು ಪುರಾವೆಯಿಲ್ಲ.

ಇಷ್ಟು ಕೇಳಿದ ಮೇಲೆ ಹಕ್ಕಿಗೂ ಹೂವಿಗೂ ಬರೀ ಒಪ್ಪಂದವೇ ಎಂಬ ಭಾವನೆ ಬಂದರೆ ಅದನ್ನು ಕಳೆಯಬೇಕು. ಕಾಡಿನಲ್ಲಿ ಕಳ್ಳರಿದ್ದಾರೆ. ಗಿಡ್ಡ ಕೊಕ್ಕಿನ ಕೆಲವು ಹಮ್ಮಿಂಗ್‌ಬರ್ಡ್‌ಗಳೂ, ಕೊಕ್ಕಿನ ತುದಿ ಕೊಕ್ಕೆಯಂತಿರುವ ಬೇರೊಂದು ಕುಲದ ಹಕ್ಕಿಗಳೂ ಹೂವಿನ ಬುಡವನ್ನೇ ತೂತು ಮಾಡಿ, ಪರಾಗವನ್ನು ಮುಟ್ಟದೆ ಮಕರಂದ ಕದಿಯುತ್ತವೆ. ಇನ್ನೂ ಸಣ್ಣ ಕಳ್ಳರು ನುಸಿಗಳು. ಬೆಂಗಳೂರಿನ ಉದ್ಯಾನಗಳಲ್ಲಿ, ಬೇಲಿಯ ಸಾಲಿನಲ್ಲಿ ಹ್ಯಾಮಿಲಿಯಾ ಎಂಬ ಕಿತ್ತಳೆಗೆಂಪಿನ ಕೊಳವೆ ಹೂವಿನ ಗಿಡವನ್ನು ನೀವು ನೋಡಿರುತ್ತೀರಿ. ಅದು ಉಷ್ಣ ಅಮೆರಿಕದಿಂದ ಬಂದ ಹಮ್ಮಿಂಗ್‌ಬರ್ಡ್ ಗಿಡ. ತವರಿನಲ್ಲಿ ಅದರ ಹೂವಿನೊಳಗೆ ಬರಿಗಣ್ಣಿಗೆ ಚುಕ್ಕೆಯಂತೆ ಕಾಣುವ ನುಸಿಗಳು ಸಂಸಾರ ಹೂಡಿರುತ್ತವೆ. ಹೂವು ಮುದಿಯಾಗುವ ಹೊತ್ತಿಗೆ ಹಕ್ಕಿ ಬಂದರೆ ಕ್ಷಣಗಳಲ್ಲಿ ಕೊಕ್ಕಿನ ಮೇಲೆ ಓಡಿ ಅದರ ಮೂಗಿನ ಹೊಳ್ಳೆ ಸೇರಿಕೊಂಡು, ತಮಗೆ ಬೇಕಾದ ಜಾತಿಯ ಹೂವು ಬಂದಾಗ ವಾಸನೆಯಿಂದ ತಿಳಿದು ಇಳಿಯುತ್ತವೆ. ರಾಬರ್ಟ್ ಕಾಲ್ವೆಲ್ ಅವರ ಅಧ್ಯಯನದಂತೆ ಹ್ಯಾಮಿಲಿಯಾದ ಮಕರಂದದಲ್ಲಿ ಶೇಕಡ 40ರವರೆಗೂ ಈ ನುಸಿಗಳ ಪಾಲಾಗಬಹುದು. ಟಿಕೇಟಿಲ್ಲದೆ ಬಸ್ಸು ಹತ್ತಿ, ಇಳಿದ ಊರಿನಲ್ಲಿ ಹೋಟೆಲಿನ ಊಟಕ್ಕೂ ದುಡ್ಡು ಕೊಡದವರ ಹಾಗೆ.

ಕೊನೆಯದಾಗಿ ಲಾಸ್ ಕ್ರೂಸಸ್‌ಗೆ ಮರಳುತ್ತೇನೆ. ಅಲ್ಲಿನ ಕಾಡು ಈಗ ಇಡಿಯಾಗಿಲ್ಲ. 1950ರ ದಶಕದಲ್ಲಿ ಇಟಲಿಯಿಂದ ಬಂದು ನೆಲೆಸಿದವರೂ ಸ್ಥಳೀಯ ರೈತರೂ ಕಡಿದು ಕಾಫಿ ಹಾಕಿದರು, ದನಗಳಿಗೆ ಹುಲ್ಲುಗಾವಲು ಮಾಡಿದರು. ಉಳಿದಿರುವುದು ಅಲ್ಲಲ್ಲಿ ತುಂಡುಗಳು. ಹ್ಯಾಡ್ಲಿ ಮತ್ತು ಬೆಟ್ಸ್ ಗ್ರೀನ್ ಹರ್ಮಿಟ್‌ಗಳನ್ನು ಹಿಡಿದು, ಗ್ರಾಂನ ಕಾಲು ಭಾಗದಷ್ಟು ತೂಕದ ರೇಡಿಯೊ ಸಾಧನ ಅಂಟಿಸಿ, ಬೇರೆಡೆ ಒಯ್ದು ಬಿಟ್ಟರು. ಹಕ್ಕಿಗಳು ಮನೆಗೆ ಮರಳಿದವು, ಆದರೆ ಬಯಲನ್ನು ನೇರವಾಗಿ ದಾಟಲಿಲ್ಲ. ಮರಗಳಿರುವ ದಾರಿಯನ್ನೇ ಹುಡುಕಿ ಸುತ್ತಿ ಬಂದವು. ಗಾಳಿಯಲ್ಲಿ ನಿಂತು ಹಿಂದಕ್ಕೂ ಹಾರಬಲ್ಲ ಹಕ್ಕಿಗೆ ನಾಲ್ಕು ಹೆಜ್ಜೆಯ ಹುಲ್ಲುಗಾವಲು ಯಾವ ಲೆಕ್ಕ ಎಂದು ನಾವು ತಿಳಿದಿದ್ದೆವು. ನೆರಳಿನಲ್ಲಿ ಬಾಳುವ ಹಕ್ಕಿಗೆ ಅದು ದಾಟಲಾಗದ ಹೊಳೆಯಂತೆ ಆಗಬಲ್ಲದು.

ಸಣ್ಣ ತುಂಡುಗಳಲ್ಲಿ ಹೆಲಿಕೋನಿಯಾದ ಬೀಜ ಕಡಿಮೆಯಾಗಿರುವುದನ್ನು ಅದೇ ತಂಡ 2014ರಲ್ಲಿ ತೋರಿಸಿತು. ಬೇಲಿಸಾಲಿನ, ಹಳ್ಳದ ದಂಡೆಯ ಮರಗಳು ಒಂದು ತುಂಡನ್ನು ಇನ್ನೊಂದಕ್ಕೆ ಜೋಡಿಸಿರುವ ಕಡೆ ಕಾಡಿನ ಹಕ್ಕಿಗಳ ಓಡಾಟವೂ ಪರಾಗಸ್ಪರ್ಶವೂ ಉತ್ತಮವಾಗಿರುವುದು ಮುಂದೆ, 2016ರ ಅಧ್ಯಯನದಲ್ಲಿ ಕಂಡುಬಂತು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಒಂದು ಕಾಡುತುಂಡಿನಲ್ಲಿ ಎಷ್ಟು ಹಮ್ಮಿಂಗ್‌ಬರ್ಡ್‌ಗಳಿವೆ ಎಂದು ಎಣಿಸಿದರೆ ನಮಗೆ ಸಮಾಧಾನವೇ ಆಗಬಹುದು, ಏಕೆಂದರೆ ಬಯಲಿಗೂ ತೋಟಕ್ಕೂ ಹೊಂದಿಕೊಂಡ ಗಿಡ್ಡ ಕೊಕ್ಕಿನವು ಅಲ್ಲಿ ಧಾರಾಳವಾಗಿರುತ್ತವೆ, ಹೂವಿನ ಮುಂದೆ ಹಾರಾಡುತ್ತಿರುತ್ತವೆ, ಕುಡಿಯುತ್ತಲೂ ಇರುತ್ತವೆ. ಹೂವು ಅವುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗೆಂದು ಗಿಡ ಸಾಯುವುದೂ ಇಲ್ಲ. ಬಾಳೆಯ ನೆಂಟನಲ್ಲವೇ, ನೆಲದೊಳಗಿನ ಗೆಡ್ಡೆಯಿಂದ ಕಂದು ಒಡೆದು ಮೆಳೆ ಕಟ್ಟಿಕೊಂಡು ವರ್ಷಗಟ್ಟಲೆ ಹಬ್ಬುತ್ತದೆ, ಎಲೆ ಹಸಿರಾಗಿರುತ್ತದೆ, ದೋಣಿಗಳು ಕೆಂಪಾಗಿರುತ್ತವೆ, ಫೋಟೋ ತೆಗೆಯುವವರಿಗೆ ಅದು ತುಂಬಿದ ಕಾಡಿನಂತೆಯೇ ಕಾಣುತ್ತದೆ. ವರ್ತನೆಯ ಹಕ್ಕಿ ಆ ಬೀದಿಯನ್ನು ಬಿಟ್ಟಿದೆ ಎಂಬುದು ತಿಳಿಯಬೇಕಾದರೆ ಗೊಂಚಲಿನ ಮುಂದೆ ಕುಳಿತು, ನೀಲಿ ಹಣ್ಣುಗಳನ್ನು ಒಂದೊಂದಾಗಿ ಬಿಡಿಸಿ, ಮೂರಿರಬೇಕಾದ ಕಡೆ ಎಷ್ಟಿವೆ ಎಂದು ಎಣಿಸಬೇಕು.